ಗಡಸು ನೀರಿಗೆ ಮನೆಯ ವಾಟರ್ ಸಾಫ್ಟ್‌ನರ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮದು ಬೆಂಗಳೂರಿನ ಅಂಚಿನ ಬಡಾವಣೆ. ಕಾವೇರಿ ಇನ್ನೂ ಇತ್ತ ತಿರುಗಿ ನೋಡಿಲ್ಲ, ಬೋರ್‌ವೆಲ್ಲೇ ಗತಿ. ನೀರಿನ ಪರೀಕ್ಷಾ ವರದಿಯಲ್ಲಿ ಗಡಸುತನ (ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಪ್ರಮಾಣ, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ) ಲೀಟರಿಗೆ 500 ಮಿಲಿಗ್ರಾಂ ಆಸುಪಾಸು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ 200. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಕಾಗದದ ಮೇಲೆ ನಮ್ಮ ನೀರು ಪಾಸಾಯಿತು, ಗೀಸರಿನ ಕಾಯಿಲ್ ಮಾತ್ರ ಅದನ್ನು ಒಪ್ಪಲಿಲ್ಲ. ಆಗ ಹಾಕಿಸಿದ್ದು 25 ಲೀಟರ್ ರೆಸಿನ್ (ಪ್ಲಾಸ್ಟಿಕ್‌ನಂಥ ಸಣ್ಣ ಕಾಳುಗಳು) ತುಂಬಿದ, ಕೈಯಲ್ಲಿ ವಾಲ್ವ್ ತಿರುಗಿಸುವ ಸಾಫ್ಟ್‌ನರ್. ತಾರಸಿಯ ಟ್ಯಾಂಕಿನಿಂದ ಸ್ನಾನದ ಮನೆಗಳಿಗೂ ವಾಷಿಂಗ್ ಮೆಷಿನ್ನಿಗೂ ಇಳಿಯುವ ಪೈಪಿಗೆ ಅದನ್ನು ಜೋಡಿಸಿದೆವು.

ಮಾರಲು ಬಂದವರು ಇದು ಉಪ್ಪನ್ನು ಸೋಸಿ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ) ಇಳಿಸುತ್ತದೆ ಎಂದಿದ್ದರು. ಎರಡೂ ಸುಳ್ಳು. ಇದು ಸೋಸುವ ಯಂತ್ರವಲ್ಲ, ಅದಲುಬದಲು ಮಾಡುವ ಯಂತ್ರ. ರೆಸಿನ್ ಕಾಳುಗಳಿಗೆ ಅಂಟಿಕೊಂಡ ಸೋಡಿಯಂ ನೀರಿಗೆ ಬರುತ್ತದೆ, ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾಳಿಗೆ ಹೋಗಿ ಕೂರುತ್ತವೆ. ಒಂದು ಕ್ಯಾಲ್ಸಿಯಂ ಕೂರಬೇಕಾದರೆ ಎರಡು ಸೋಡಿಯಂ ಏಳಬೇಕು. ಕಾಳುಗಳಲ್ಲಿ ಸೋಡಿಯಂ ಮುಗಿಯುತ್ತ ಬಂದಾಗ ಉಪ್ಪುನೀರು ಹರಿಸಿ ಮತ್ತೆ ತುಂಬಿಸಬೇಕು. ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಒಳಹೋಗುವ ನೀರಿಗೂ ಹೊರಬರುವ ನೀರಿಗೂ ಹೆಚ್ಚೂಕಡಿಮೆ ಒಂದೇ ಅಂಕಿ.

ಕೆಲಸ ನಡೆದಿದೆಯೇ ಎಂದು ತಿಳಿಯಲು ಗಡಸುತನ ಪರೀಕ್ಷೆಯ ಕಿಟ್ಟೇ ಬೇಕು. ಚಿಕ್ಕ ಶೀಶೆಯಲ್ಲಿ ನೀರು ಹಿಡಿದು ಕಿಟ್ಟಿನ ಬಫರ್ ದ್ರಾವಣ ಬೆರೆಸಿ ಬಣ್ಣದ ಪುಡಿ ಹಾಕಿದರೆ ಬೋರ್‌ವೆಲ್ ನೀರು ದ್ರಾಕ್ಷಿ ರಸದಂತೆ ಕೆಂಪಾಗುತ್ತದೆ, ಸಾಫ್ಟ್‌ನರ್ ದಾಟಿದ ನೀರು ನೇರವಾಗಿ ನೀಲಿಗೆ ತಿರುಗುತ್ತದೆ. ನೀಲಿಯಲ್ಲಿ ನೇರಳೆಯ ಛಾಯೆ ಕಂಡರೆ ಉಪ್ಪು ಹಾಕುವ ಹೊತ್ತು ಬಂತೆಂದೇ ಅರ್ಥ. ಪಕ್ಕದ ಮನೆಯಲ್ಲಿ ಪೈಪಿನ ಮೇಲೆ ಕಟ್ಟಿದ ಅಯಸ್ಕಾಂತದ ‘ಕಂಡಿಷನರ್’ ಇದೆ. ಅದನ್ನು ದಾಟಿ ಬಂದ ನೀರೂ ಇದೇ ಪರೀಕ್ಷೆಯಲ್ಲಿ ಕೆಂಪಗೇ ಉಳಿಯಿತು. ಕ್ಯಾಲ್ಸಿಯಂ ಎಲ್ಲಿಗೂ ಹೋಗಿಲ್ಲವಲ್ಲ!

ಇನ್ನು ಉಪ್ಪಿನ ಲೆಕ್ಕ. ಖರ್ಚೂ ಇಲ್ಲೇ, ರಸಾಯನಶಾಸ್ತ್ರವೂ ಇಲ್ಲೇ. ಉಪ್ಪಿನಂಶ ಕಡಿಮೆಯಿರುವ ನೀರಿನಲ್ಲಿ ರೆಸಿನ್‌ಗೆ ಸೋಡಿಯಂಗಿಂತ ಕ್ಯಾಲ್ಸಿಯಂ ಮೇಲೆ ಒಲವು ಹೆಚ್ಚು. ಹತ್ತು ಶೇಕಡಾ ಉಪ್ಪುನೀರು ಹರಿಸಿದಾಗ ಸೋಡಿಯಂ ಸಂಖ್ಯಾಬಲದಿಂದಲೇ ತಕ್ಕಡಿ ಆ ಕಡೆ ವಾಲುತ್ತದೆ, ಕ್ಯಾಲ್ಸಿಯಂ ಜಾಗ ಬಿಟ್ಟುಕೊಡುತ್ತದೆ. ಸಮತೋಲನವನ್ನು ಹಿಂದಕ್ಕೆ ತಳ್ಳುವುದೆಂದರೆ ಇದೇ. ಆದರೆ ಅದು ಪೂರ್ತಿಯಾಗಿ ಹಿಂದಕ್ಕೆ ಹೋಗುವುದಿಲ್ಲ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆಂದರೆ 25 ಲೀಟರಿಗೆ 1,250 ಗ್ರಾಂ. ನಮ್ಮ ನೀರಿಗೆ ಅದು 2,500 ಲೀಟರ್. ಅಷ್ಟನ್ನು ಬಿಡಿಸಲು ಪುಸ್ತಕದ ಲೆಕ್ಕದಲ್ಲಿ ಒಂದೂವರೆ ಕಿಲೋ ಉಪ್ಪು ಸಾಕು, ನಿಜದಲ್ಲಿ ಮೂರು ಕಿಲೋ ಬೇಕು. ಕಡಿಮೆ ಹಾಕಿದರೆ ರೆಸಿನ್ ಅರ್ಧಂಬರ್ಧ ತೊಳೆದು ಗಡಸುತನ ಬೇಗ ಸೋರುತ್ತದೆ. ಆರು ಕಿಲೋ ಸುರಿದರೆ ಹೆಚ್ಚಿನದು ಚರಂಡಿಯ ಪಾಲು. ಸರ್ವೀಸಿಗೆ ಬಂದವರು ‘ವಾರಕ್ಕೊಮ್ಮೆ ಉಪ್ಪು ಹಾಕಿ’ ಎಂದು ಹೇಳಿ ಹೋದರು. ವಾರಕ್ಕೂ ರೆಸಿನ್‌ಗೂ ಏನು ಸಂಬಂಧ? ನಾವು ನೀರಿನ ಮೀಟರ್ ನೋಡಿ ಹಾಕುತ್ತೇವೆ. ನೆಂಟರು ಬಂದ ವಾರ ಎರಡು ಸಲ, ಊರಿಗೆ ಹೋದಾಗ ಒಂದೂ ಇಲ್ಲ.

ಫಲ ಮೊದಲು ಕಂಡಿದ್ದು ಗೀಸರಿನಲ್ಲಿ. ನೀರು ಕಾದಾಗ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಕರಗಿದ್ದ ಬೈಕಾರ್ಬನೇಟ್ ಕಾರ್ಬನೇಟ್ ಆಗಿ ಕ್ಯಾಲ್ಸಿಯಂ ಜೊತೆ ಕಾಯಿಲ್ ಮೇಲೆ ಕಲ್ಲಾಗುತ್ತದೆ. ಅದೂ ಸಾಲದೆಂದು, ಸಕ್ಕರೆ ಉಪ್ಪುಗಳಂತಲ್ಲದೆ ಈ ಕಾರ್ಬನೇಟ್ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ. ಕ್ಯಾಲ್ಸಿಯಂ ಇಲ್ಲದ ಮೇಲೆ ಕಲ್ಲಿಗೆ ಕಚ್ಚಾವಸ್ತುವೇ ಇಲ್ಲ. ಕಾಯಿಲ್ ಈಗ ಬರಿಯ ಲೋಹದ ಬಣ್ಣದಲ್ಲಿದೆ, ಶವರಿನ ತೂತುಗಳನ್ನು ಸೂಜಿಯಿಂದ ಚುಚ್ಚುವ ಕೆಲಸ ತಪ್ಪಿದೆ. ಸೋಪು ಮೊಸರಿನಂತೆ ಒಡೆಯುವುದಿಲ್ಲ. ಮೈ ಮಾತ್ರ ಎಷ್ಟು ತೊಳೆದರೂ ಜಾರಿದಂತೆ ಅನ್ನಿಸುತ್ತದೆ. ಮನೆಯ ಹಿರಿಯರಿಗೆ ಅದು ಇಂದಿಗೂ ಹಿಡಿಸಿಲ್ಲ.

ಕುಡಿಯಲು ಈ ನೀರು ಬೇಡ. 500 ಗಡಸುತನ ಪೂರ್ತಿ ತೆಗೆದರೆ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ರಕ್ತದೊತ್ತಡದವರು ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಅಡುಗೆಮನೆಗೆ ಬೇರೆ ಲೈನ್ ಎಳೆಸಿ ಆರ್‌ಒ ಇಟ್ಟಿದ್ದೇವೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರು ಫ್ಲೋರೈಡ್‌ಗೆ ಇದನ್ನು ನಂಬಲೇಬಾರದು. ಈ ರೆಸಿನ್ ಹಿಡಿಯುವುದು ಧನ ಅಯಾನುಗಳನ್ನು (ಧನ ವಿದ್ಯುದಂಶದ ಕಣಗಳನ್ನು), ಫ್ಲೋರೈಡ್ ಋಣ ಅಯಾನು. ಗಿಡಗಳಿಗೂ ಬೇಡ, ಸೋಡಿಯಂನಿಂದ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ತೊಳೆದ ಉಪ್ಪುನೀರನ್ನು ಮಳೆನೀರಿನ ಇಂಗುಗುಂಡಿಗೆ ಬಿಡುವವರನ್ನೂ ನೋಡಿದ್ದೇನೆ. ಅದೇ ನೀರು ನಾಳೆ ಯಾರದೋ ಬೋರ್‌ವೆಲ್ಲಿಗೆ ಇಳಿಯುತ್ತದೆ.

ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮನೆಯವರಿಗೆ ಒಂದು ಮಾತು. ಪೈಪಿನ ಒಳಗೆ ಕಾರ್ಬನೇಟಿನ ತೆಳು ಪೊರೆ ಕೂರುತ್ತದೋ ಕರಗುತ್ತದೋ ಎಂದು ಅಂದಾಜಿಸುವ ಸೂಚ್ಯಂಕವನ್ನು ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಲ್ಯಾಂಗ್ಲಿಯರ್ 1936ರಲ್ಲೇ ಕೊಟ್ಟಿದ್ದರು. ಗಡಸುತನ ಸೊನ್ನೆಗೆ ಇಳಿದರೆ ಪೊರೆ ಉಳಿಯದು, ತುಕ್ಕಿಗೆ ದಾರಿ. ಬೈಪಾಸ್ ವಾಲ್ವನ್ನು ಸ್ವಲ್ಪ ತೆರೆದು ಒಂದಿಷ್ಟು ಗಡಸು ನೀರನ್ನು ಬೆರೆಸಿಕೊಳ್ಳುವುದು ಮೇಲು. ನಮ್ಮದು ಸಿಪಿವಿಸಿ ಪ್ಲಾಸ್ಟಿಕ್ ಪೈಪಾದ್ದರಿಂದ ಆ ತಲೆನೋವಿಲ್ಲ. ಬೋರ್‌ವೆಲ್ ನೀರು ಬಕೆಟ್ಟಿನಲ್ಲಿ ನಿಂತು ಕೆಂಪಗಾಗುತ್ತಿದ್ದರೆ ಮೊದಲು ಕಬ್ಬಿಣದ ಫಿಲ್ಟರ್ ಹಾಕಿಸಿ, ಇಲ್ಲದಿದ್ದರೆ ರೆಸಿನ್ ಬೇಗ ಕೆಡುತ್ತದೆ.

ಯಂತ್ರಕ್ಕೆ ಐದಕ್ಕೆ ನಾಲ್ಕು, ಮಾರಿದವರ ಮಾತಿಗೆ ಒಂದು. ಕೊಳ್ಳುವಾಗ ಸಿಲಿಂಡರಿನ ಎತ್ತರ ನೋಡಬೇಡಿ; ಒಳಗೆ ಎಷ್ಟು ಲೀಟರ್ ರೆಸಿನ್ ಇದೆ, ನಿಮ್ಮ ಗಡಸುತನಕ್ಕೆ ಎಷ್ಟು ಲೀಟರ್ ನೀರು ಕೊಡುತ್ತದೆ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.