26/11ರ ಜಾಡಿನ ಪ್ರವಾಸ: ತಾರದೇವ್ ನಿಲುಗಡೆಗೆ ಪೂರ್ತಿ ಅಂಕ, ವಿ.ಟಿ.ಗೆ ಅರ್ಧ

ಮುಂಬೈಯಲ್ಲಿ 26/11 ದಾಳಿ ನಡೆದ ಜಾಗಗಳನ್ನು ಸುತ್ತಿಸಿ ತೋರಿಸುವ ಪ್ರವಾಸಗಳಿವೆ. ನಾನು ಮೊಮ್ಮಗನನ್ನು ಕರೆದುಕೊಂಡು ಹೋದದ್ದು ಅರ್ಧ ದಿನದ್ದು. ಕೊಲಾಬಾದಲ್ಲಿ ಕಾಲ್ನಡಿಗೆ, ಉಳಿದ ಕಡೆಗೆ ಎ.ಸಿ. ಟೆಂಪೋ ಟ್ರಾವೆಲರ್. ತಲೆಗೆ 1,800 ರೂಪಾಯಿ. ನೀರಿನ ಬಾಟಲಿ ಮತ್ತು ಗೈಡ್ ಮಾತು ಕೇಳಲು ಕಿವಿಗೆ ಹಾಕಿಕೊಳ್ಳುವ ರಿಸೀವರ್ ಅದರಲ್ಲೇ ಬಂತು. ಹಿರಿಯರಿಗೆ ರಿಯಾಯಿತಿ ಇಲ್ಲ. ನಾನು ಸೆಂಟ್ರಲ್ ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕೆಲಸ ಮಾಡಿದ್ದು ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ. ನಮ್ಮ ಬಾಯಲ್ಲಿ ಅದು ಇವತ್ತಿಗೂ ವಿ.ಟಿ.ನೇ. ಆ ರಾತ್ರಿ ಆ ನಿಲ್ದಾಣದಲ್ಲಿ 58 ಜನ ಸತ್ತರು. ಅಂಥ ಜಾಗವನ್ನು ದುಡ್ಡು ತೆಗೆದುಕೊಂಡು ತೋರಿಸುವವರು ಹೇಗೆ ತೋರಿಸುತ್ತಾರೆ ಅನ್ನುವುದು ನನಗೆ ಸಣ್ಣ ಸಂಗತಿಯಲ್ಲ.

ಈ ಪ್ರವಾಸ ದೋಣಿಯಲ್ಲಿ ಬಂದ ಹತ್ತು ಜನ ದಾಳಿಕೋರರ ಹಿಂದೆ ಮಾತ್ರ ಹೋಗುವುದಿಲ್ಲ. ಅವರಿಗಿಂತ ಎರಡು ವರ್ಷ ಮುಂಚೆಯೇ ಬಂದು, ದಾಳಿ ನಡೆಸಿದ ಪಾಕಿಸ್ತಾನದ ಉಗ್ರ ಸಂಘಟನೆ ಲಷ್ಕರ್-ಎ-ತಯ್ಯಬಾದ ಪರವಾಗಿ ಊರನ್ನೆಲ್ಲ ಅಳೆದು ಹೋದ ಡೇವಿಡ್ ಹೆಡ್ಲಿಯ ಜಾಡು ಹಿಡಿಯುತ್ತದೆ. ಬಧ್ವಾರ್ ಪಾರ್ಕ್ ಬಳಿಯ ಮೀನುಗಾರರ ಕಾಲೊನಿಯಲ್ಲಿ ಗೈಡ್ ಹುಡುಗಿ ಶುರುಮಾಡಿದ್ದೇ ಅಲ್ಲಿಂದ: 2008ರ ಏಪ್ರಿಲ್‌ನಲ್ಲಿ ಹೆಡ್ಲಿ ಜಿಪಿಎಸ್ ಹಿಡಿದು ದೋಣಿಯಲ್ಲಿ ಸುತ್ತಿದ್ದ, ಎಲ್ಲಿ ಇಳಿಯಬಹುದು ಎಂದು ನೋಡಿದ್ದ. ನವೆಂಬರ್‌ನಲ್ಲಿ ಆ ಹತ್ತು ಜನ ಇಲ್ಲಿ ಕಾಲಿಟ್ಟಾಗ ಯಾರು ನೀವು ಎಂದು ಕೇಳಿದವರು ಮೀನುಗಾರರೇ. ಆಕೆ ಇದನ್ನು ತಗ್ಗಿದ ದನಿಯಲ್ಲಿ, ಕಾಲೊನಿಯವರ ಮನೆಬಾಗಿಲಿಗೆ ಅಡ್ಡ ನಿಲ್ಲದೆ ಹೇಳಿದಳು. ಅದು ಇಷ್ಟವಾಯಿತು.

ಲಿಯೋಪೋಲ್ಡ್ ಕೆಫೆ ಎಲ್ಲರೂ ಬಲ್ಲದ್ದು. 1871ರಿಂದ ಇದೆ, ಗುಂಡಿನ ಗುರುತುಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ, ಫೋಟೋ ತೆಗೆಯುವವರ ನೂಕುನುಗ್ಗಲು. ತಾಜ್ ಎದುರು ನಿಂತು, ಹೆಡ್ಲಿ ಅಲ್ಲಿ ಹೆಂಡತಿಯ ಜೊತೆ ಉಳಿದುಕೊಂಡಿದ್ದನ್ನೂ ಒಳಗೆಲ್ಲ ವಿಡಿಯೋ ಮಾಡಿದ್ದನ್ನೂ ಹೇಳಿದಳು. ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅದೇ ಕಟ್ಟಡದೊಳಗೆ ಪ್ರಾಣ ಕೊಟ್ಟದ್ದನ್ನು ಮೊಮ್ಮಗ ಕೇಳಿದ ಮೇಲೆ ಹೇಳಿದಳು. ಕೇಳದೆಯೇ ಹೇಳಬೇಕಾದ ಮಾತು ಅದು.

ದುಡ್ಡು ಸಾರ್ಥಕ ಅನ್ನಿಸಿದ್ದು ತಾರದೇವ್‌ನಲ್ಲಿ. ಅಲ್ಲಿನ ಎ.ಸಿ. ಮಾರ್ಕೆಟ್ ಕಟ್ಟಡದಲ್ಲಿ ಹೆಡ್ಲಿ ಒಂದು ಆಫೀಸು ತೆರೆದಿದ್ದ. ವಿದೇಶಕ್ಕೆ ಹೋಗುವವರಿಗೆ ವೀಸಾ ಮಾಡಿಸಿಕೊಡುವ ವ್ಯಾಪಾರ ಎಂಬ ನೆಪ. ಶಿಕಾಗೋದಲ್ಲಿ ಅವನ ಶಾಲಾ ಗೆಳೆಯ ತಹವ್ವುರ್ ರಾಣಾ ನಡೆಸುತ್ತಿದ್ದ ಫರ್ಸ್ಟ್ ವರ್ಲ್ಡ್ ಎಂಬ ಇಮಿಗ್ರೇಷನ್ ಸಂಸ್ಥೆಯ ಶಾಖೆಯಂತೆ ಅದು ನಡೆಯುತ್ತಿತ್ತು. ನಾವು ಹೋದ ಭಾನುವಾರ ಹೆಚ್ಚಿನ ಶಟರ್‌ಗಳು ಇಳಿದಿದ್ದವು. ಗೈಡ್ ಒಳಗೆ ಕರೆದೊಯ್ಯಲಿಲ್ಲ, ಎದುರಿನ ಫುಟ್‌ಪಾತ್‌ನಲ್ಲೇ ನಿಲ್ಲಿಸಿಕೊಂಡು ಒಂದು ಪ್ಲಾಸ್ಟಿಕ್ ಫೋಲ್ಡರ್ ಬಿಚ್ಚಿದಳು. ಅದರಲ್ಲಿ ಅಮೆರಿಕದ ಕೋರ್ಟಿನಲ್ಲಿ ಅವನು ಸಹಿ ಹಾಕಿದ ತಪ್ಪೊಪ್ಪಿಗೆ ಒಪ್ಪಂದದ ಕೆಲವು ಪುಟಗಳ ಜೆರಾಕ್ಸ್. ಬೇಕಾದ ಸಾಲುಗಳ ಕೆಳಗೆ ಪೆನ್ಸಿಲ್ ಗೆರೆ. ಹುಟ್ಟುಹೆಸರು ದಾವೂದ್ ಗಿಲಾನಿ. 2006ರಲ್ಲಿ ಫಿಲಡೆಲ್ಫಿಯಾದಲ್ಲಿ ಕಾನೂನುಬದ್ಧವಾಗಿ ತಾಯಿಯ ಕಡೆಯ ಹೆಸರು ಹಿಡಿದು ಡೇವಿಡ್ ಕೋಲ್ಮನ್ ಹೆಡ್ಲಿ ಆದ. ಭಾರತದಲ್ಲಿ ಮುಸ್ಲಿಮನೆಂದಾಗಲಿ ಪಾಕಿಸ್ತಾನಿಯೆಂದಾಗಲಿ ಯಾರಿಗೂ ತೋರಬಾರದು, ಅಷ್ಟೇ ಉದ್ದೇಶ. ಆಫೀಸು ತೆರೆಯಲು, ಇಲ್ಲಿ ಬದುಕಲು ಪಾಕಿಸ್ತಾನದ ಮೇಜರ್ ಇಕ್ಬಾಲ್ ಎಂಬುವನು 25,000 ಡಾಲರ್ ಕೊಟ್ಟಿದ್ದ. ವೀಸಾ ಅರ್ಜಿಯಲ್ಲಿ ಸುಳ್ಳು ತುಂಬಿದ್ದನ್ನು 2016ರ ಫೆಬ್ರವರಿಯಲ್ಲಿ ವಿಡಿಯೋ ಲಿಂಕ್ ಮೂಲಕ ಮುಂಬೈ ಕೋರ್ಟಿಗೆ ತಾನೇ ಹೇಳಿದ.

ಆ ಪುಟಗಳನ್ನು ಓದುವಾಗ ನನ್ನ ಪಾರ್ಸೆಲ್ ಕೌಂಟರ್ ಕಣ್ಣಮುಂದೆ ಬಂತು. ಕಳಿಸುವವನ ಹೆಸರು, ವಿಳಾಸ, ಮಾಲಿನ ವಿವರ ಸರಿಯಿದ್ದರೆ ಪೆಟ್ಟಿಗೆಯ ಮೇಲೆ ಗುರುತು ಬಿದ್ದು ಮುಂದಕ್ಕೆ ಹೋಗುತ್ತಿತ್ತು. ಹೆಡ್ಲಿಯೂ ಹಾಗೇ ಒಳಗೆ ಬಂದ. ಅಮೆರಿಕದ ಪಾಸ್‌ಪೋರ್ಟ್, ಇಂಗ್ಲಿಷ್ ಹೆಸರು, ಬಾಡಿಗೆ ಆಫೀಸು. ದಾಳಿಗೆ ಮುಂಚೆ ಐದು ಸಲ ಬಂದು ಹೋದ. ಜಿಮ್‌ನಲ್ಲಿ ಸ್ನೇಹ ಸಂಪಾದಿಸಿದ. ಸಿದ್ಧಿವಿನಾಯಕ ದೇವಸ್ಥಾನದ ಹತ್ತಿರ ಕೈಗೆ ಕಟ್ಟುವ ಕೆಂಪು-ಹಳದಿ ದಾರಗಳನ್ನು ಕೊಂಡು ಲಷ್ಕರ್‌ನವರ ಕೈಗೆ ಕೊಟ್ಟ, ದಾಳಿಕೋರರು ಹಿಂದೂಗಳಂತೆ ಕಾಣಲಿ ಎಂದು. ಈ ದಾರದ ಮಾತು ಕೇಳಿದಾಗ ಗುಂಪಿನಲ್ಲಿದ್ದ ಒಬ್ಬ ಹೆಂಗಸು ತಮ್ಮ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು.

ಇಷ್ಟು ಚೆನ್ನಾಗಿ ಮಾಡಿದ ಗೈಡ್, ಅವನು ಹೀಗಾದದ್ದು ಹೇಗೆ ಅನ್ನುವ ಭಾಗಕ್ಕೆ ಬಂದಾಗ ಸಿನಿಮಾ ಕಥೆಗೆ ಇಳಿದಳು. ನನ್ನ ದೊಡ್ಡ ದೂರು ಇದೇ. ಒಂದು ಕಣ್ಣು ನೀಲಿ ಒಂದು ಕಣ್ಣು ಕಂದು, ಹಲವು ಮದುವೆ, ಎರಡು ದೇಶದ ನಂಟು ಎಂದು ವ್ಯಾನಿನೊಳಗೆ ಇಪ್ಪತ್ತು ನಿಮಿಷ. 1971ರ ಡಿಸೆಂಬರ್‌ನಲ್ಲಿ ಭಾರತದ ವಿಮಾನಗಳು ತನ್ನ ಶಾಲೆಯ ಮೇಲೆ ಬಾಂಬು ಹಾಕಿದವು, ಅಂದಿನಿಂದ ದ್ವೇಷ ಹುಟ್ಟಿತು ಎಂದು ಅವನು ಕೋರ್ಟಿನಲ್ಲಿ ಹೇಳಿದ್ದನ್ನು ಆಕೆ ಹಾಗೆಯೇ ಒಪ್ಪಿಸಿದಳು. ಆ ಶಾಲೆಯಲ್ಲಿ ಅವನೊಬ್ಬನೇ ಓದುತ್ತಿದ್ದನೇ? ಉಳಿದ ಹುಡುಗರೆಲ್ಲ ದೊಡ್ಡವರಾಗಿ ಊರು ಸುಡಲು ನಕ್ಷೆ ಬರೆದರೇ? ಅಪರಾಧಿ ತನ್ನ ಬಗ್ಗೆ ತಾನು ಕಟ್ಟಿಕೊಂಡ ಕಾರಣವನ್ನು ಪ್ರವಾಸಿಗಳಿಗೆ ಕಾರಣವೆಂದೇ ಕೊಡಬಾರದು.

ದಾಖಲೆಯಲ್ಲಿರುವುದು ಬಹಳ ನಿಧಾನದ ಕಥೆ. 1960ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ, ತಂದೆ ಪಾಕಿಸ್ತಾನಿ, ತಾಯಿ ಅಮೆರಿಕದವಳು. ಬೆಳೆದದ್ದು ಪಾಕಿಸ್ತಾನದಲ್ಲಿ, ಹಸನ್ ಅಬ್ದಾಲ್‌ನ ಕೆಡೆಟ್ ಕಾಲೇಜಿನಲ್ಲಿ ಓದಿದ. ಹದಿನೇಳರ ವಯಸ್ಸಿಗೆ ಫಿಲಡೆಲ್ಫಿಯಾಗೆ, ಬಾರ್ ನಡೆಸುತ್ತಿದ್ದ ತಾಯಿಯ ಬಳಿಗೆ ಹೋದ. ಹೆರಾಯಿನ್ ಸಾಗಿಸಿ 1988ರಲ್ಲಿ ಸಿಕ್ಕಿಬಿದ್ದ, 1997ರಲ್ಲಿ ಮತ್ತೆ. ಎರಡು ಸಲವೂ ಪೊಲೀಸರಿಗೆ ಬೇರೆಯವರನ್ನು ಹಿಡಿದುಕೊಟ್ಟು ಶಿಕ್ಷೆ ಇಳಿಸಿಕೊಂಡ, ಅಮೆರಿಕದ ಮಾದಕವಸ್ತು ಇಲಾಖೆಗೆ ಮಾಹಿತಿದಾರನಾದ. ಆಮೇಲೆ 2002ರಿಂದ ಲಷ್ಕರ್ ಶಿಬಿರಗಳು: ಮೊದಲು ಮೂರು ವಾರ ಬರೀ ಬೋಧನೆ, ನಂತರ ಆಯುಧ, ನಂತರ ಗೂಢಚರ್ಯೆ. ಎರಡು ಬದುಕು ಬದುಕುವುದು, ಒಂದು ಕಡೆಯವರಿಗೆ ಇನ್ನೊಂದು ಕಡೆಯನ್ನು ಮಾರುವುದು ಶಿಬಿರಕ್ಕೆ ಹೋಗುವ ಎಷ್ಟೋ ವರ್ಷ ಮೊದಲೇ ಅವನಿಗೆ ರೂಢಿಯಾಗಿತ್ತು. ಲಷ್ಕರ್ ಆ ರೂಢಿಗೆ ಒಂದು ಪವಿತ್ರ ಹೆಸರು ಕೊಟ್ಟಿತು. ನಾನು ಓದಿ ತಿಳಿದದ್ದು ಇದು, ಗೈಡ್ ಹೇಳಬೇಕಿದ್ದದ್ದೂ ಇದೇ.

ಟೆಂಪೋ ಹತ್ತುವಾಗ ಮೊಮ್ಮಗ, "ಅಜ್ಜ, ಇಷ್ಟೆಲ್ಲ ನಡೀವಾಗ ಒಬ್ರಿಗೂ ಅನುಮಾನ ಬರ್ಲಿಲ್ವಾ?" ಅಂದ. ಬಂದಿತ್ತು. 2005ರಲ್ಲಿ ನ್ಯೂಯಾರ್ಕ್‌ನಲ್ಲಿದ್ದ ಒಬ್ಬ ಹೆಂಡತಿ ಹೊಡೆತ ತಿಂದ ಮೇಲೆ ಪೊಲೀಸರಿಗೆ ತಿಳಿಸಿದ್ದಳು, ಈತ ಪಾಕಿಸ್ತಾನದಲ್ಲಿ ತರಬೇತಿ ಪಡೆಯುತ್ತಿದ್ದಾನೆ ಎಂದು. ಇನ್ನೊಬ್ಬಳು, ಮೊರಾಕ್ಕೋದವಳು, ದಾಳಿಗೆ ಮುಂಚೆಯೇ ಇಸ್ಲಾಮಾಬಾದ್‌ನ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ ಹೇಳಿದಳು. ಗಂಡ-ಹೆಂಡಿರ ಜಗಳವೆಂದು ಪಕ್ಕಕ್ಕಿಟ್ಟರೋ ಏನೋ, ಆ ಮಾತುಗಳು ಮುಂದೆ ಹೋಗಲಿಲ್ಲ. ಒಬ್ಬ ಮನುಷ್ಯ ಹಿಂಸೆಯ ದಾರಿಗೆ ತಿರುಗಿಕೊಳ್ಳುತ್ತಿರುವುದು ಎಲ್ಲಕ್ಕಿಂತ ಮುಂಚೆ ಅವನ ಮನೆಯಲ್ಲಿ ಗೊತ್ತಾಗುತ್ತದೆ. ಕಾಲೇಜು ಹುಡುಗರನ್ನು ಕರೆದುಕೊಂಡು ಬರುವ ಪ್ರವಾಸದಲ್ಲಿ ಈ ಇಬ್ಬರು ಹೆಂಗಸರ ಬಗ್ಗೆ ಒಂದು ಸಾಲೂ ಇಲ್ಲವೆಂದರೆ ಅದು ದೊಡ್ಡ ಕೊರತೆ. ಹಲವು ಮದುವೆ ಎಂದು ಹೇಳಲು ಸಮಯವಿತ್ತು, ಆ ಹೆಂಡಿರು ಏನು ಮಾಡಿದರು ಎಂದು ಹೇಳಲು ಇರಲಿಲ್ಲ.

ರಾಣಾನ ವಿಷಯದಲ್ಲೂ ಎಚ್ಚರ ಬೇಕು. ಶಿಕಾಗೋದ ಜೂರಿ 2011ರಲ್ಲಿ ಡೆನ್ಮಾರ್ಕ್‌ನ ಒಂದು ಪತ್ರಿಕೆಯ ಮೇಲೆ ದಾಳಿ ಮಾಡುವ ಸಂಚು ಮತ್ತು ಲಷ್ಕರ್‌ಗೆ ನೆರವಿನ ವಿಷಯದಲ್ಲಿ ಅವನನ್ನು ಅಪರಾಧಿ ಎಂದಿತು, ಮುಂಬೈ ವಿಷಯದಲ್ಲಿ ಬಿಟ್ಟಿತು. 2025ರ ಏಪ್ರಿಲ್ 10ರಂದು ಅವನನ್ನು ಭಾರತಕ್ಕೆ ತಂದರು, ಮುಂಬೈ ಆರೋಪದ ತೀರ್ಮಾನ ಇಲ್ಲಿನ ಕೋರ್ಟಿನದು. ಗೈಡ್ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಸೇರಿಸಿಬಿಟ್ಟಳು. ಹೆಡ್ಲಿಯದು ಹಾಗಲ್ಲ. 2009ರ ಅಕ್ಟೋಬರ್ 3ರಂದು ಶಿಕಾಗೋ ವಿಮಾನ ನಿಲ್ದಾಣದಲ್ಲಿ ಸಿಕ್ಕ, 2010ರ ಮಾರ್ಚ್‌ನಲ್ಲಿ ಹನ್ನೆರಡೂ ಆರೋಪ ಒಪ್ಪಿಕೊಂಡ, 2013ರ ಜನವರಿ 24ರಂದು 35 ವರ್ಷದ ಶಿಕ್ಷೆಯಾಯಿತು. ಒಪ್ಪಿಕೊಂಡದ್ದಕ್ಕೆ ಪ್ರತಿಯಾಗಿ ಗಲ್ಲಿಲ್ಲ, ಭಾರತಕ್ಕೆ ಹಸ್ತಾಂತರವೂ ಇಲ್ಲ. ಮೂರನೇ ಸಲವೂ ಅದೇ ಹಳೆಯ ವ್ಯಾಪಾರ. 166 ಜನರ ಸಾವಿನ ಎದುರು ಈ ಲೆಕ್ಕ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಕೊನೆಗೆ ವಿ.ಟಿ. ಮೇನ್‌ಲೈನ್ ಹಾಲ್‌ನಲ್ಲಿ ಐದೇ ನಿಮಿಷ. ನನ್ನ ರಿಸೀವರ್‌ನ ಬ್ಯಾಟರಿ ಆ ಹೊತ್ತಿಗೆ ಸತ್ತಿತ್ತು, ಬದಲಿ ಇರಲಿಲ್ಲ. ಅಲ್ಲಿ ರಾತ್ರಿ ದೂರದ ರೈಲಿಗೆ ಕಾಯುವವರು ನೆಲದ ಮೇಲೆ ಚಾದರ ಹಾಸಿ, ಗಂಟುಮೂಟೆ ತಲೆದಿಂಬು ಮಾಡಿಕೊಂಡು ಮಲಗುತ್ತಾರೆ. ಅವತ್ತು ಗುಂಡಿಗೆ ಸಿಕ್ಕವರಲ್ಲೂ ಹಾಗೇ ರೈಲಿಗೆ ಕಾಯುತ್ತಿದ್ದವರು ಬಹಳ. ತಾಜ್‌ಗೆ ನಲವತ್ತು ನಿಮಿಷ ಕೊಟ್ಟವರು ಇವರಿಗೆ ಐದು ಕೊಡುವುದು ಸರಿಯಲ್ಲ. ಅನೌನ್ಸರ್ ವಿಷ್ಣು ಝೆಂಡೆ ಮೈಕ್ ಬಿಟ್ಟು ಏಳದೆ, ಹಾಲ್ ಕಡೆಗೆ ಬರಬೇಡಿ ಎಂದು ಕೂಗುತ್ತ ಎಷ್ಟೋ ಜನರನ್ನು ಉಳಿಸಿದರು. ಆ ಕಥೆಯನ್ನು ನಮ್ಮ ಗುಂಪಿಗೆ ನಾನೇ ಹೇಳಿದೆ. ಗೈಡ್ ಅಡ್ಡ ಬರದೆ, "ಅಂಕಲ್, ಇನ್ನೂ ಹೇಳಿ" ಎಂದು ನೋಟ್‌ಬುಕ್ ತೆಗೆದಳು. ಕಲಿಯುವ ಮನಸ್ಸಿದೆ, ಅದಕ್ಕೇ ಇಷ್ಟು ಬರೆದದ್ದು.

ಹೋಗುವವರಿಗೆ: ಬುಕ್ ಮಾಡುವ ಮುಂಚೆ ತಾರದೇವ್ ನಿಲುಗಡೆ ಇದೆಯೇ ಎಂದು ಕೇಳಿ, ಕೆಲವು ದಿನ ಬಿಟ್ಟುಬಿಡುತ್ತಾರಂತೆ. ಭಾನುವಾರ ಬೇಡ, ಕಟ್ಟಡದಲ್ಲಿ ಜನ ಕೆಲಸ ಮಾಡುತ್ತಿರುವ ದಿನ ಹೋಗಿ. ಅಂಥ ಓಡಾಟದ ನಡುವೆ ಆ ಆಫೀಸು ಹೇಗೆ ಯಾರ ಕಣ್ಣಿಗೂ ಬೀಳದೆ ಉಳಿಯಿತು ಎಂದು ಆಗ ತಿಳಿಯುತ್ತದೆ. ರಿಸೀವರ್ ಕೊಟ್ಟ ಕೂಡಲೇ ಪರೀಕ್ಷಿಸಿ. ಹತ್ತು ವರ್ಷದ ಒಳಗಿನ ಮಕ್ಕಳನ್ನು ಕರೆದೊಯ್ಯಬೇಡಿ. ವಿ.ಟಿ.ಯಲ್ಲಿ ಟೆಂಪೋ ಹೊರಡಿಸಲು ಅವಸರ ಮಾಡಿದರೆ, ಇನ್ನೂ ಹತ್ತು ನಿಮಿಷ ಬೇಕು ಎಂದು ಗಟ್ಟಿಯಾಗಿ ಹೇಳಿ. ನಾವು ಹೇಳಿದಾಗ ನಿಂತರು.