10+0 ಬಿಟ್ಟು 5+3 ಹಿಡಿದೆ: ಆನ್‌ಲೈನ್ ಚೆಸ್‌ನಲ್ಲಿ ಕಾಯುವುದರ ಲೆಕ್ಕ

ಎರಡು ವರ್ಷ ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟ್‌ನಲ್ಲಿ 10+0 ಬಿಟ್ಟು ಬೇರೇನೂ ಆಡಿದವನಲ್ಲ ನಾನು. ಈಗ ರಾತ್ರಿ ಊಟ ಆದಮೇಲೆ ಆಡುವುದೆಲ್ಲ 5+3. ಅಂದ್ರೆ ಇಬ್ಬರಿಗೂ 5-5 ನಿಮಿಷ, ನಡೆ ನಡೆಸಿದಾಗಲೆಲ್ಲ 3 ಸೆಕೆಂಡ್ ಜಾಸ್ತಿ. ಬೇಗ ಮುಗಿಯಲಿ ಅಂತ ಬದಲಾಯಿಸಿದ್ದಲ್ಲ. ಸುಮ್ನೆ ಕೂತು ಕಾಯುವ ಹಿಂಸೆ ತಪ್ಪಲಿ ಅಂತ.

10+0 ಬಿಡಿಸಿದ ಆ ರಾತ್ರಿ ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎದುರಾಳಿಯ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ನನ್ನ ಆನೆ ಕೊನೆ ಸಾಲಿಗೆ ಹೋದರೆ ಚೆಕ್‌ಮೇಟ್. ರಾಜ ಬಿಟ್ಟರೆ ಅವನ ಹತ್ತಿರ ಉಳಿದಿದ್ದು ಎರಡೇ ಪಾನ್ (ಕಾಲಾಳು). ಆದರೆ ಗಡಿಯಾರದಲ್ಲಿ 6 ನಿಮಿಷ 40 ಸೆಕೆಂಡ್ ಇತ್ತು. ನಡೆ ನಡೆಸದೆ ಅದನ್ನು ಓಡಲು ಬಿಟ್ಟ. ನನಗೆ ಉಳಿದಿದ್ದು 50 ಸೆಕೆಂಡ್. ಒಲೆ ಮೇಲೆ ಹಾಲು ಇಟ್ಟಿದ್ದೆ, ಉಕ್ಕುವ ಸದ್ದು ಕೇಳಿ ಓಡಿದೆ. ಒಲೆ ಆರಿಸಿ, ಕಟ್ಟೆ ಒರೆಸಿ ಬರುವಷ್ಟರಲ್ಲಿ ಅವನು ಕೊನೇ ಗಳಿಗೆಯಲ್ಲಿ ನಡೆ ನಡೆಸಿದ್ದ. ನನ್ನ ಸಮಯ ಮುಗಿದು ಸೋಲು ಬರೆದಾಗಿತ್ತು. ಎರಡು ಪಾನ್‌ಗೆ ಸೋಲು ಹೇಗೆ ಅಂತ ಕೇಳಬಹುದು. ಪಾನ್ ಮುಂದೆ ಹೋಗಿ ಮಂತ್ರಿ ಆಗಬಹುದು, ಮೇಟ್ ಮಾಡುವ ದಾರಿ ಅವನಿಗೆ ಇದ್ದೇ ಇದೆ. ಬರೀ ರಾಜ ಇದ್ದಿದ್ದರೆ ಡ್ರಾ ಆಗುತ್ತಿತ್ತು.

ಎದುರಾಳಿ ಆಟ ಬಿಟ್ಟು ಹೋದರೆ ಸ್ವಲ್ಪ ಹೊತ್ತಿನ ಮೇಲೆ ಗೆಲುವನ್ನೋ ಡ್ರಾವನ್ನೋ ಕೇಳಿ ಪಡೆಯಬಹುದು. ಪುಟ ತೆರೆದಿಟ್ಟುಕೊಂಡು ಕೂತರೆ ಅದಿಲ್ಲ. ಅದೂ ಸರಿಯೇ. ಯೋಚನೆ ಮಾಡುವವನೂ ಸತಾಯಿಸುವವನೂ ಆಚೆಯಿಂದ ಒಂದೇ ಥರ ಕಾಣುತ್ತಾರೆ. ಹಾಗಾಗಿ ಇಲ್ಲಿ ಮರ್ಯಾದೆಯೇ ನಿಯಮ. ಸೋಲು ಖಚಿತವಾದರೆ ಕೈಬಿಡಿ, ಇಲ್ಲವೇ ಆಡಿ ಮುಗಿಸಿ. ಎದುರಿಗಿರುವವನೂ ಮನುಷ್ಯ, ಅವನಿಗೂ ಮನೆ ಇದೆ ಅಲ್ವಾ?

5+3ರಲ್ಲಿ ಸತಾಯಿಸುವವರು ಇಲ್ಲವೇ ಇಲ್ಲ ಅನ್ನುವುದಿಲ್ಲ. ಆದರೆ ಆಟ ಕೊನೆಗೆ ಬರುವ ಹೊತ್ತಿಗೆ ಅವರ ಕೈಯಲ್ಲಿ ಸಾಮಾನ್ಯವಾಗಿ ಅರ್ಧ ನಿಮಿಷವೋ ಒಂದು ನಿಮಿಷವೋ ಇರುತ್ತದೆ. ಅಷ್ಟು ಕಾಯಬಹುದು. 3 ಸೆಕೆಂಡ್ ಸಿಗುವುದು ನಡೆ ನಡೆಸಿದವರಿಗೆ ಮಾತ್ರ, ಸುಮ್ನೆ ಕೂತವರಿಗಲ್ಲ. ಹೀಗೆ ಸಮಯ ಸೇರಿಸುವ ಗಡಿಯಾರಕ್ಕೆ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಶರ್ 1989ರಲ್ಲಿ ಪೇಟೆಂಟ್ ಪಡೆದ, 1992ರಲ್ಲಿ ಹಳೆಯ ಎದುರಾಳಿ ಸ್ಪಾಸ್ಕಿ ಎದುರು ಅದರಲ್ಲೇ ಆಡಿದ. 5+3ರಲ್ಲಿ 40 ನಡೆಯ ಆಟಕ್ಕೆ ಹೆಚ್ಚೆಂದರೆ ತಲಾ 7 ನಿಮಿಷ, ಇಬ್ಬರದೂ ಸೇರಿ 14. ನನಗೆ ರಾತ್ರಿ ಸಿಗುವುದೇ ಅರ್ಧ ಗಂಟೆ. ಎರಡು ಆಟಕ್ಕೆ ಸರಿಹೋಗುತ್ತದೆ.

15+10 ಒಳ್ಳೆಯದು, ಭಾನುವಾರಕ್ಕೆ.

ನಡೆಗೆ 3 ದಿನ ಕೊಡುವ ಆಟವನ್ನು ಶಿವಮೊಗ್ಗದ ಸೋದರಮಾವನ ಜೊತೆ ಆಡುತ್ತೇನೆ. ಅಲ್ಲಿ ಕಾಯುವುದೇ ಆಟ. ನಡೆ ಹೇಳಿಕೊಡುವ ಕಂಪ್ಯೂಟರ್ ಎಂಜಿನ್ ನೋಡುವಂತಿಲ್ಲ, ಆಟದ ಆರಂಭದ ನಡೆಗಳ ಓಪನಿಂಗ್ ಪುಸ್ತಕ ನೋಡಬಹುದು. ಎರಡನೇ ದಿನವೂ ನಾನು ನಡೆಸದಿದ್ದರೆ ಮಾವ ಫೋನ್ ಮಾಡುತ್ತಾರೆ, "ಏನೋ, ಕುದುರೆ ಇನ್ನೂ ಲಾಯದಲ್ಲೇ ಇದೆಯಲ್ಲೋ!" ಗುರುತಿಲ್ಲದವರ ಜೊತೆ ಈ ಆಟ ನನಗೆ ಬೇಡ. ಸೋತ ಆಟವನ್ನು ಮೂರು ಮೂರು ದಿನ ಎಳೆದರೆ ತಿಂಗಳು ದಾಟುತ್ತದೆ.

ಹೋದ ವಾರ 5+3 ಆಡುವಾಗ ಕರೆಂಟ್ ಹೋಗಿ ವೈಫೈ ನಿಂತಿತು. ಮೊಬೈಲ್ ಡೇಟಾ ಹಾಕಿ ವಾಪಸ್ ಬಂದಾಗ ನನ್ನ ಗಡಿಯಾರದಲ್ಲಿ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಮಯ ಇತ್ತು. ಎದುರಾಳಿ ಬಟನ್ ಒತ್ತಿ 15 ಸೆಕೆಂಡ್ ಕೊಟ್ಟಿದ್ದ, ಒಂದಲ್ಲ, ಎರಡು ಸಲ. ಆ ಆಟ ನಾನು ಸೋತೆ. ಥ್ಯಾಂಕ್ಸ್ ಕಳಿಸಿ, ಅವನು ಕೇಳಿದ ಇನ್ನೊಂದು ಆಟಕ್ಕೆ ಹೂಂ ಅಂದೆ.