ಅಂಚು ಕತ್ತರಿಸದ ಕಟ್ಟಿನ ಅಂಗಡಿ

ಶಿವಮೊಗ್ಗದ ಗಾಂಧಿ ಬಜಾರಿನ ಒಳಗಲ್ಲಿಯೊಂದರಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಪುಟ್ಟ ಅಂಗಡಿಯಿದೆ. ಕಳೆದ ಜೂನ್‌ನಲ್ಲಿ ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಒಂದು ಮುದ್ರಿತ ಚಿತ್ರವನ್ನು ಅಲ್ಲಿಗೆ ಒಯ್ದಿದ್ದೆ. ಅವಧ್‌ನ (ಈಗಿನ ಉತ್ತರಪ್ರದೇಶದ ಒಂದು ಭಾಗ) ನವಾಬ ಶುಜಾ-ಉದ್-ದೌಲನ ಭಾವಚಿತ್ರ. ಮೊಘಲ್ ಚಿತ್ರಕಲೆಯ ಕವಲಾದ, ಹದಿನೆಂಟನೇ ಶತಮಾನದ ಫೈಜಾಬಾದ್ ಶೈಲಿಯದು.

ಇದೇ ಚಿತ್ರದ ಇನ್ನೊಂದು ಪ್ರತಿ ಮೂರು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಹಾಳಾಗಿತ್ತು. ಕಟ್ಟು ಹಾಕಿದವರು ಸುತ್ತಲಿನ ಹೂಬಳ್ಳಿಯ ಅಂಚನ್ನು ಬ್ಲೇಡಿನಿಂದ ಕೊಯ್ದು ಎಸೆದು, ಉಳಿದದ್ದನ್ನು ಹಾರ್ಡ್‌ಬೋರ್ಡಿಗೆ ಗೋಂದಿನಿಂದ ಅಂಟಿಸಿ, ಮೇಲೆ ಗಾಜು ಒತ್ತಿಬಿಟ್ಟಿದ್ದರು. ಎರಡನೇ ಮಳೆಗಾಲಕ್ಕೆ ನವಾಬನ ಬಿಳಿ ಜಾಮಾದ (ನಿಲುವಂಗಿಯ) ಮೇಲೆ ಬೂಷ್ಟು ಹಿಡಿಯಿತು, ಕಾಗದ ಗಾಜಿಗೆ ಕಚ್ಚಿಕೊಂಡಿತು. ಬೂಷ್ಟಿಗಿಂತ ಆ ಅಂಚು ಹೋದದ್ದೇ ನನಗೆ ಹೆಚ್ಚು ನೋವು. ಇಂಥ ಮೊಘಲ್ ಕಿರುಚಿತ್ರಗಳನ್ನು ಗೋಡೆಗೆಂದು ಬರೆಯುತ್ತಿರಲಿಲ್ಲ. ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತಂದು, ಅದರ ಮೇಲೆ ಬರೆದು, ಸುತ್ತ ಹಾಶಿಯಾ, ಅಂದರೆ ಅಲಂಕಾರದ ಅಂಚು, ಕೂಡಿಸಿ, ಆಲ್ಬಮ್ಮಿನ ಪುಟವಾಗಿ ಕಟ್ಟುತ್ತಿದ್ದರು. ಕೈಯಲ್ಲಿ ಹಿಡಿದು ನೋಡುವ ಪುಟ ಅದು. ಹಾಶಿಯಾ ಕಿತ್ತರೆ ಅರ್ಧ ಪುಟ ಹರಿದಂತೆ.

ಈ ಅಂಗಡಿಯವರು ಚಿತ್ರ ಬಿಚ್ಚಿದವರೇ ಕೈ ಒರೆಸಿಕೊಂಡು ಬಂದರು. “ಅಮ್ಮಾ, ಈ ಹೂವಿನ ಅಂಚೂ ಕಾಣಬೇಕಲ್ಲವೇ?” ಎಂದು ತಾವಾಗಿಯೇ ಕೇಳಿದರು. ಆ ಮಾತಿಗೇ ನಾನು ಮುಂಗಡ ಕೊಟ್ಟೆ.

ಚಿತ್ರವನ್ನು ಮೇಜಿನ ಮೇಲೆ ಹರಡಿ ಇಬ್ಬರೂ ಬಹಳ ಹೊತ್ತು ನೋಡಿದೆವು. ಮೀಸೆಯ ಕೂದಲು ಒಂದೊಂದನ್ನೂ ಎಣಿಸಬಹುದು. ಅಳಿಲಿನ ಬಾಲದ ಕೂದಲಿನ ಕುಂಚದ ಕೆಲಸ ಅದು. ಆದರೆ ಕೆನ್ನೆಯ ಪಕ್ಕದಲ್ಲಿ, ಮೂಗಿನ ಬುಡದಲ್ಲಿ ನಸುಗಪ್ಪು ನೆರಳಿದೆ. ಹಳೆಯ ದೆಹಲಿ ಚಿತ್ರಗಳಲ್ಲಿ ಮುಖಕ್ಕೆ ಇಷ್ಟು ನೆರಳು ಕೊಡುತ್ತಿರಲಿಲ್ಲ. 1739ರಲ್ಲಿ ಪರ್ಷಿಯಾದ ದೊರೆ ನಾದಿರ್ ಶಾ ದೆಹಲಿಯನ್ನು ಸೂರೆ ಮಾಡಿದ ಮೇಲೆ ಅನೇಕ ಚಿತ್ರಕಾರರು ಅವಧ್, ಬಂಗಾಳದ ಮುರ್ಷಿದಾಬಾದ್‌ಗಳ ಆಸರೆ ಹುಡುಕಿದರು. ಅವಧ್‌ನ ಆಗಿನ ರಾಜಧಾನಿ ಫೈಜಾಬಾದಿಗೆ 1770ರ ದಶಕದ ಆರಂಭದಲ್ಲಿ ಇಂಗ್ಲಿಷ್ ಚಿತ್ರಕಾರ ಟಿಲ್ಲಿ ಕೆಟ್ಲ್ ಬಂದು ಶುಜಾನನ್ನು ತೈಲವರ್ಣದಲ್ಲಿ ಬರೆದ. ಅಲ್ಲಿದ್ದ ಮಿಹರ್ ಚಂದ್‌ನಂಥ ಚಿತ್ರಕಾರರು ಆ ನೆರಳನ್ನು ತಮ್ಮ ಸಣ್ಣ ಕುಂಚಕ್ಕೆ ಇಳಿಸಿಕೊಂಡರು. 1764ರಲ್ಲಿ ಬಕ್ಸಾರ್ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸೋತು, ಮರುವರ್ಷ 50 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ ದೊರೆ ಈ ಶುಜಾ. ಚಿತ್ರದಲ್ಲಿ ಮಾತ್ರ ಬೆನ್ನು ಬಾಗಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಿದ ನನಗೆ ಆ ನಿಲುವು ಬರೆಯುವ ಕಷ್ಟ ಗೊತ್ತು.

ಕೆಲಸಕ್ಕೆ ಬರುತ್ತೇನೆ. ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ಮೌಂಟ್ ಬೋರ್ಡ್ (ಚಿತ್ರ ಕಾಣಲು ನಡುವೆ ಕಿಂಡಿ ಕೊರೆದ ರಟ್ಟು) ಕೂರಿಸಿ ಗಾಳಿಗೆ ಸಂದು ಬಿಟ್ಟಿದ್ದಾರೆ. ಗೋಂದು ಬಳಿದಿಲ್ಲ, ಮೇಲಂಚಿನಲ್ಲಿ ಎರಡು ಕಾಗದದ ಪಟ್ಟಿಗಳಿಂದ ತೂಗಿಬಿಟ್ಟಿದ್ದಾರೆ. ಹಿಂಬದಿಯ ಕೆಳಮೂಲೆಗಳಿಗೆ ಬೆಂಡಿನ ಬಿಲ್ಲೆ ಹಚ್ಚಿರುವುದರಿಂದ ಕಟ್ಟು ಗೋಡೆಗೆ ತಾಗುವುದಿಲ್ಲ. ಮಲೆನಾಡಿನ ಪಸೆಗೋಡೆಯ ಮನೆಗೆ ಇದಕ್ಕಿಂತ ಬೇಕಾದ ಸೇವೆ ಇಲ್ಲ. ಆರಿದ್ರಾ, ಪುನರ್ವಸು, ಪುಷ್ಯ ಮೂರೂ ಮಳೆ ಹೊಯ್ದು ಹೋದವು. ಜಾಮಾ ಇನ್ನೂ ಬೆಳ್ಳಗಿದೆ.

ಸಾಗುವಾನಿ ಚೌಕಟ್ಟು ಸೇರಿ 1,850 ರೂಪಾಯಿ ಆಯಿತು. ನಾಲ್ಕು ದಿನ ಎಂದವರು ಒಂಬತ್ತು ದಿನ ತೆಗೆದುಕೊಂಡರು, ಎರಡು ಸಲ ಸುಮ್ಮನೆ ಬಸ್ಸು ಹತ್ತಿ ಬಂದೆ. ಇದನ್ನು ಅವರು ತಿದ್ದಿಕೊಳ್ಳಬೇಕು. ಚೌಕಟ್ಟಿನ ಪಟ್ಟಿಗಳ ಆಯ್ಕೆಯೂ ಕಡಿಮೆ. ಹೊಳೆಯುವ ಚಿನ್ನದ ಬಣ್ಣದ್ದೇ ಹೆಚ್ಚು, ಅದು ಇಂಥ ಚಿತ್ರದ ಒಳಗಿನ ಚಿನ್ನದ ರೇಖೆಯನ್ನು ನುಂಗಿಬಿಡುತ್ತದೆ. ಸಾದಾ ಮರದ ಪಟ್ಟಿಯನ್ನೇ ಕೇಳಿ. ಚಿತ್ರವನ್ನು ಮಡಚದೆ ಕೊಳವೆಯಲ್ಲಿ ಸುತ್ತಿ ಒಯ್ಯಿರಿ, ಹೊರಡುವ ಮುನ್ನ ಫೋನ್ ಮಾಡಿ ಸಿದ್ಧವಾಗಿದೆಯೇ ಎಂದು ಕೇಳಿಕೊಳ್ಳಿ.